ಬಳೆ ಚೂರಿನ ತೋರಣ

ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. “ಅಕ್ಕ ಅಲ್ಲ, ನಾನು” ಅನ್ನುವಷ್ಟೇ ಮಾತು. ಆಗ ನನಗೆ ಹನ್ನೊಂದು ವರ್ಷ. ಮಾತಿಗೇನೂ ಬರವಿರಲಿಲ್ಲ. ಮದ್ದೂರಿನ ನಮ್ಮ ಬೀದಿಯಲ್ಲಿ ನನ್ನಷ್ಟು ವಟಗುಟ್ಟುವವಳು ಇನ್ನೊಬ್ಬಳಿಲ್ಲ ಎಂದು ಹೆಸರಾಗಿತ್ತು. ಆ ದಿನ ಮಾತ್ರ ಆ ಬಾಯಿ ಬೇರೆ ಮಾತು ಆಡಿತು. ಅದರಿಂದಾಗಿ ನಮ್ಮಕ್ಕ ಐದು ವರ್ಷ, ಹಬ್ಬ ಬಂದರೆ ಸಾಕು, ಮನೆಯ ಮುಂಬಾಗಿಲಿಗೆ ಬರುವ ಹಾಗಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಅದನ್ನೂ ಪೂರ್ತಿ ಮುಗಿಸಲಿಲ್ಲ. ಆದ್ದರಿಂದ ಇಲ್ಲಿ ದೊಡ್ಡ ಮಾತು ಹುಡುಕಬೇಡಿ. ಒತ್ತಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ನಡತೆ ತಪ್ಪಿದ ಕಡೆ ತಿದ್ದಲು ಅವಳಿಂದ ಆಗುವುದಿಲ್ಲ.

ಇದೆಲ್ಲ ಈಗ ನೆನಪಿಗೆ ಬಂದದ್ದೂ ಅವಳಿಂದಲೇ. ಮೊನ್ನೆ ಪಾತ್ರೆ ಬೆಳಗುವಾಗ ನನ್ನ ಕೈಬಳೆ ತೊಟ್ಟಿಯ ಅಂಚಿಗೆ ತಾಗಿ ಒಡೆಯಿತು. ಬಳೆ ಒಡೆಯಿತು ಅಂದರೆ ಅಪಶಕುನ, ಹೆಚ್ಚಿತು ಅನ್ನಬೇಕು. ನಮ್ಮವ್ವ ಇದ್ದಿದ್ದರೆ ಬೆನ್ನಿಗೊಂದು ಕೊಟ್ಟು ತಿದ್ದುತ್ತಿದ್ದಳು. ಬಗ್ಗಿ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮೊಮ್ಮಗಳು ನೋಡಿ, “ಅಜ್ಜಿ, ಕಸಾನ ಯಾಕೆ ಸೆರಗಿಗೆ ಕಟ್ಕೋತಿದ್ದೀಯ?” ಎಂದು ನಕ್ಕಳು. ಅರವತ್ತು ವರ್ಷಕ್ಕೂ ಹಿಂದೆ ಅಕ್ಕ ಹಿಡಿಸಿದ ಚಾಳಿ ಅದು. ನೆಲದ ಮೇಲೆ ಬಳೆ ಚೂರು ಕಂಡರೆ ನನ್ನ ಸೊಂಟ ತಾನಾಗಿ ಬಗ್ಗುತ್ತದೆ. ಈಗ ಬಗ್ಗಿದ ಸೊಂಟ ಏಳುವುದು ತಡ, ಅಷ್ಟೇ ವ್ಯತ್ಯಾಸ.

ನಮ್ಮ ಕಾಲದಲ್ಲಿ ಯುಗಾದಿಗೆ ಮನೆ ಸಿಂಗಾರ ಮಾಡಲು ಅಂಗಡಿಗೆ ಹೋಗುವುದು ಎಂಬುದೇ ಇರಲಿಲ್ಲ. ಗೋಡೆಗೆ ಸುಣ್ಣ, ಕೆಳಗಡೆ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ. ಮಾವಿನೆಲೆ ನದಿಯ ಆಚೆಯ ತೋಪಿನಿಂದ ಬರುತ್ತಿತ್ತು. ಉಳಿದದ್ದೆಲ್ಲ ಮನೆಯಲ್ಲೇ ಹುಟ್ಟಬೇಕು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಬಣ್ಣದ ಕಾಗದವೂ ಸಿಗದಾಯಿತು. ಅಕ್ಕ ಹಳೆಯ ಪಂಚಾಂಗದ ಹಾಳೆ ಕಿತ್ತು, ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರಿನಲ್ಲಿ ಕೆಲವನ್ನು, ಬಟ್ಟೆಗೆ ಹಾಕುವ ನೀಲಿಯಲ್ಲಿ ಕೆಲವನ್ನು ಅದ್ದಿ ಒಣಗಿಸಿ, ರಾಗಿ ಅಂಬಲಿಯ ಅಂಟಿನಿಂದ ಸರಪಣಿ ಮಾಡುತ್ತಿದ್ದಳು. ಹೋದ ವರ್ಷದ ರಾಹುಕಾಲ ಗುಳಿಕಕಾಲವೆಲ್ಲ ಕೆಂಪಾಗಿ ನೀಲಿಯಾಗಿ ನಮ್ಮ ಪಡಸಾಲೆಯಲ್ಲಿ ತೂಗಾಡುತ್ತಿತ್ತು.

ಅವಳ ಕೈಯ ದೊಡ್ಡ ಕೆಲಸವೆಂದರೆ ಬಳೆ ಚೂರಿನ ತೋರಣ. ಬೀದಿಯಲ್ಲಿ ಯಾರ ಮನೆಯಲ್ಲಿ ಬಳೆ ಹೆಚ್ಚಿದರೂ ಚೂರು ನಮಗೆ ಬರಬೇಕು. ಚೂರು ತರುವವಳು ನಾನು. ಮನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬ ಒಂದಿತ್ತು. ಬಿಸ್ಕತ್ತು ತಿಂದವರು ಯಾರೋ ತಿಳಿಯದು, ನಾವಂತೂ ತಿಂದಿರಲಿಲ್ಲ. ಚೂರೆಲ್ಲ ಆ ಡಬ್ಬಕ್ಕೆ. ಹಬ್ಬ ಹದಿನೈದು ದಿನ ಇರುವಾಗ ಅಕ್ಕ ಹರಳೆಣ್ಣೆಯ ದೀಪ ಹಚ್ಚಿ ಮುಂದೆ ಕೂರುತ್ತಿದ್ದಳು. ಚೂರಿನ ಎರಡು ತುದಿ ಹಿಡಿದು ನಡುವನ್ನು ದೀಪದ ಕುಡಿಗೆ ಒಡ್ಡಿದರೆ, ಮೂವತ್ತು ಎಣಿಸುವುದರೊಳಗೆ ಗಾಜು ಮೆತ್ತಗಾಗುತ್ತದೆ. ಆಗ ಬಗ್ಗಿಸಿ ತುದಿಗೆ ತುದಿ ಸೇರಿಸಿದರೆ ಒಂದು ಕೊಂಡಿ. ಅದರೊಳಗೆ ಇನ್ನೊಂದು ಚೂರು ತೂರಿಸಿ ಬಗ್ಗಿಸಿದರೆ ಇನ್ನೊಂದು. ಹೀಗೆ ಕೊಂಡಿಗೆ ಕೊಂಡಿ ಸೇರಿ ಮೊಳದುದ್ದ ಇಳಿಯುವ ಎಳೆಗಳು. ಬಾಗಿಲಿಗೆ ಕಟ್ಟಿದರೆ ಗಾಳಿ ಬಂದಾಗ ಸಣ್ಣಗೆ ಸದ್ದಾಗುತ್ತಿತ್ತು, ಯಾರೋ ಕೈ ತುಂಬ ಬಳೆ ತೊಟ್ಟವರು ಒಳಗೆ ಬಂದ ಹಾಗೆ.

ನಾನೂ ಪ್ರಯತ್ನಿಸಿದ್ದೆ. ನನ್ನ ಕೊಂಡಿಗಳು ಉಂಗುರವೂ ಆಗದೆ ಕಡ್ಡಿಯೂ ಆಗದೆ, ಒಣಗಿದ ಮೆಣಸಿನಕಾಯಿಯ ಹಾಗಿರುತ್ತಿದ್ದವು. ಬೆರಳು ಮೂರು ಕಡೆ ಬೊಬ್ಬೆ. ಅಕ್ಕ, “ನೀನು ಚೂರು ತಾ, ಸಾಕು. ಒಂದ್ ಚೂರೂ ಬುಡ್ಬ್ಯಾಡ. ಎಲ್ಲಿ ಬಿದ್ದಿದ್ರೂ ತಾ” ಎಂದಿದ್ದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ತಪ್ಪಿಗೆ ನೆಪ ಹುಡುಕುವಾಗಲೆಲ್ಲ ಇದನ್ನೇ ಹಿಡಿದುಕೊಂಡಿದ್ದೇನೆ.

ತೋರಣದ ತುದಿಗೆ ಬೆಂಡಿನ ಕೊಕ್ಕರೆ. ನಮ್ಮವ್ವನ ತವರು ಬೆಳ್ಳೂರು. ಕೊಕ್ಕರೆ ಬೆಳ್ಳೂರು ಎಂದರೆ ನಿಮಗೆ ಗೊತ್ತಾದೀತು. ಯುಗಾದಿಯ ಹೊತ್ತಿಗೆ ಅಲ್ಲಿ ಒಂದೊಂದು ಹುಣಿಸೆ ಮರದಲ್ಲೂ ಕೊಕ್ಕರೆಗಳ ಸಂಸಾರ. ಕೆಳಗೆ ನಡೆದರೆ ತಲೆಯ ಮೇಲೆ ಏನು ಬೀಳುತ್ತದೋ ಹೇಳಲಾಗದು. ಅಲ್ಲಿ ಒಂದು ಸಲ ನಾನು ಕಲ್ಲೆತ್ತಿದ್ದಕ್ಕೆ ಅವ್ವ ಕೈ ತಿರುವಿದ್ದಳು. “ಅವು ಕೊಕ್ಕರೆ ಅಲ್ಲ ಕಣೆ, ಮನೆ ಎಣ್ಮಕ್ಳು. ಬಾಣಂತನಕ್ಕೆ ತವರಿಗೆ ಬಂದವೆ. ಬಂದ ಮಗಳಿಗೆ ಯಾರಾದ್ರೂ ಕಲ್ಲು ಬೀರ್ತಾರಾ?” ಅಕ್ಕ ಜೋಳದ ದಂಟಿನ ಬೆಂಡು ಕೆತ್ತಿ, ರೆಕ್ಕೆಗೆ ದೀಪದ ಮಸಿ, ಬಾಲಕ್ಕೆ ಕುಂಕುಮದ ನೀರು ಬಳಿದು, ಅರಿಸಿನ ಹಚ್ಚಿದ ಕಡ್ಡಿಪರಕೆಯ ತುಂಡನ್ನು ಕೊಕ್ಕಾಗಿ ಚುಚ್ಚಿದರೆ, ಬೆಳ್ಳೂರಿನ ಮರದಿಂದ ಇಳಿದು ಬಂದ ಹಾಗೇ ಇರುತ್ತಿತ್ತು.

ಅಕ್ಕನ ಹೆಸರು ಪುಟ್ಟತಾಯಿ. ನನಗಿಂತ ಏಳು ವರ್ಷ ದೊಡ್ಡವಳು. ಅವಳ ಮದುವೆಗೆ ಬಳೆ ತೊಡಿಸಿದವಳು ನಮ್ಮ ಬೀದಿಗೆ ವರ್ಷವಿಡೀ ಬಳೆ ತರುತ್ತಿದ್ದ ಬೂಬಮ್ಮ. ಅವಳಿಗೆ ಬೇರೆ ಹೆಸರೇನೋ ಇತ್ತು, ನಮಗೆಲ್ಲ ಬಳೆ ಬೂಬಮ್ಮ. ಎಲುಬೇ ಇಲ್ಲವೇನೋ ಅನ್ನುವ ಹಾಗೆ ಕೈ ಹಿಸುಕಿ, ನೋವಾಗುವುದರೊಳಗೆ ಬಳೆ ಏರಿಸಿ ಮುಗಿಸಿರುತ್ತಿದ್ದಳು. ಮದುವೆಗೆಂದು ಅವಳು ತಂದದ್ದು ಹಸಿರು ಬಳೆ, ನಡುವೆ ಕೂದಲೆಳೆಯಷ್ಟು ಚಿನ್ನದ ಗೆರೆ. “ಬೆಂಗ್ಳೂರಿಂದ ಎರಡೇ ಡಜನ್ ಬಂದದೆ ಕಣವ್ವಾ. ಪುಟ್ಟತಾಯವ್ವನ ಕೈಗೇ ಅಂತ ಬೇರೆಯೋರ್ಗೆ ತೋರಿಸ್ಲೂ ಇಲ್ಲ” ಎಂದಳು. ಅಕ್ಕ ಕೈ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದಳು. ಅಂತಹ ಬಳೆ ನನಗೆ ಯಾವಾಗ ಎಂದು ನಾನು ಅತ್ತು ಊಟ ಬಿಟ್ಟೆ. ಊಟ ಬಿಟ್ಟದ್ದು ಒಂದೇ ಹೊತ್ತು, ಸಂಜೆಗೆ ಹೋಳಿಗೆ ಇತ್ತು.

ಭಾವ ಮಳವಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನಮ್ಮ ಮನೆಗೆ ಬಂದಾಗ ನನಗೆಂದು ಬಣ್ಣಬಣ್ಣದ ಕತ್ತರಿ ಚೂರಿನ ಗಂಟು ತರುತ್ತಿದ್ದರು. “ನಿಮ್ಮಕ್ಕ ಗಾಜಿನ ಚೂರು ಅಂತಾಳೆ, ನಾನು ಬಟ್ಟೆ ಚೂರು ಅಂತೀನಿ. ಚೂರಲ್ಲೇ ಸಂಸಾರ ನಡೀತದೆ ನಮ್ದು” ಎಂದು ಒಮ್ಮೆ ನಕ್ಕಿದ್ದರು. ಒಂದು ವರ್ಷವೂ ನಡೆಯಲಿಲ್ಲ. ಪುಷ್ಯ ಮಾಸದಲ್ಲಿ ಜ್ವರ ಹಿಡಿಯಿತು, ಇಪ್ಪತ್ತೊಂದು ದಿನ ಬಿಡಲಿಲ್ಲ. ಭಾವ ತೀರಿಕೊಂಡ ಸುದ್ದಿ ಬಂದ ಕೂಡಲೇ ಅಪ್ಪ ಮಳವಳ್ಳಿಗೆ ಹೊರಟರು. ಅವ್ವ ನನ್ನನ್ನು ಕರೆದುಕೊಂಡು ಹನ್ನೊಂದನೆಯ ದಿನಕ್ಕೆ ಹೊರಟಳು. ಪೆಟ್ರೋಲು ಸಿಗದೆ ಇದ್ದಲಿನಲ್ಲಿ ಓಡುತ್ತಿದ್ದ ಬಸ್ಸು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಹಿಂದಿನ ಒಲೆಗೆ ಗಾಳಿ ಹಾಕಿದರು.

ಕೆರೆಯ ಹತ್ತಿರ ಹೆಂಗಸರು ಅಕ್ಕನನ್ನು ನಡುವೆ ಕೂರಿಸಿಕೊಂಡಿದ್ದರು. ಮಕ್ಕಳು ದೂರ ಹೋಗಿ ಎಂದು ಅಟ್ಟಿದರು. ನಾನು ಏರಿಯ ಮೇಲೆ ನಿಂತೆ. ನನಗೆ ಕಂಡದ್ದು ಬೆನ್ನುಗಳು. ಕೇಳಿದ್ದು ಕಲ್ಲಿನ ಸದ್ದು, ಎರಡು ಕೈಗೂ. ಎಲ್ಲರೂ ಎದ್ದು ಹೋದ ಮೇಲೆ ಕೆಳಗಿಳಿದು ನೋಡಿದೆ. ಕೆಸರಿನಲ್ಲಿ ಹಸಿರು ಚೂರುಗಳು ಬಿದ್ದಿದ್ದವು. ಬಿಸಿಲಿಗೆ ಚಿನ್ನದ ಗೆರೆ ಹೊಳೆಯುತ್ತಿತ್ತು.

ತಿಳಿಯದೆ ಎತ್ತಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಅದನ್ನು ಮುಟ್ಟಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸುತ್ತ ನೋಡಿದೆ. ಆದರೆ ಅವು ಅಕ್ಕನವು, ಅಕ್ಕನ ಚೂರು ಕೆಸರಿನಲ್ಲಿ ಬಿದ್ದಿದ್ದವು, ಎಲ್ಲಿ ಬಿದ್ದಿದ್ದರೂ ತಾ ಎಂದವಳೂ ಅವಳೇ. ತೊಳೆದು ಲಂಗದ ಅಂಚಿಗೆ ಕಟ್ಟಿಕೊಂಡೆ. ಮದ್ದೂರಿಗೆ ಬಂದು ಬಿಸ್ಕತ್ತಿನ ಡಬ್ಬದ ತಳಕ್ಕೆ ಸುರಿದು, ಮೇಲೆ ಬೇರೆ ಚೂರು ಮುಚ್ಚಿ, ಮರೆತುಬಿಟ್ಟೆ. ಹನ್ನೊಂದು ವರ್ಷಕ್ಕೆ ಮರೆಯುವುದು ಅಷ್ಟು ಸುಲಭ.

ಅಕ್ಕನನ್ನು ಅಪ್ಪ ಕರೆದುಕೊಂಡು ಬಂದರು. ಬಂದವಳು ಒಂದು ತಿಂಗಳು ಹಿತ್ತಿಲು, ಒಲೆ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಯುಗಾದಿ ಹತ್ತಿರವಾದಾಗ ಒಂದು ದಿನ ತಾನಾಗಿ ಡಬ್ಬ ಕೇಳಿದಳು. ಅವ್ವ ಬೇಡ ಅನ್ನಲಿಲ್ಲ. ಒಳಗೆ ಹೋಗಿ ಹರಳೆಣ್ಣೆ ತಂದು ತಾನೇ ದೀಪಕ್ಕೆ ಹಾಕಿದಳು. “ಏನಾದ್ರೂ ಮಾಡ್ಕಂಡಿರ್ಲಿ, ಮನ್ಸು ತಿರುಗ್ತದೆ” ಎಂದು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. ಅಕ್ಕ ಕೂತು ಕೊಂಡಿ ಬಗ್ಗಿಸತೊಡಗಿದಳು. ಬರಿಗೈ. ದೀಪದ ಬೆಳಕಿನಲ್ಲಿ ಅವಳ ಮಣಿಕಟ್ಟು ನೋಡಲು ನನಗೆ ಒಂದು ಥರ ಆಗುತ್ತಿತ್ತು. ಆದರೂ ಮನೆಗೆ ಜೀವ ಬಂತು. ಐದು ಎಳೆ ಇಳಿಸಿದಳು. ಕೆಂಪು, ನೀಲಿ, ಹಳದಿ, ಮತ್ತೆ ಕೆಂಪು. ನಡುವಿನದು ಹಸಿರು.

ಕಟ್ಟಿದ ದಿನ ನನಗೆ ಆ ಹಸಿರು ಕಂಡಿತು. ಕೆರೆಯಿಂದ ತಂದದ್ದೇ ಎಂದು ಗೊತ್ತಾಯಿತು. ಯಾರೂ ಏನೂ ಅನ್ನದಿದ್ದುದರಿಂದ ನಾನೂ ಅನ್ನಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೂಬಮ್ಮ ಬಂದಳು. ನಮ್ಮ ಜಗಲಿಯ ಮೇಲೆ ಬೀದಿಯ ಹೆಂಗಸರೆಲ್ಲ ಸೇರಿದರು.

“ಅಸುರು ಮಾತ್ರ ಕೇಳ್ಬ್ಯಾಡಿ ತಾಯಂದ್ರಾ” ಎಂದು ಬೂಬಮ್ಮ ಮೊದಲೇ ಕೈಮುಗಿದಳು. “ಬರಾಕಿಲ್ಲ ಅಂತದೆ. ಯುದ್ದ ಮಾಡೋ ಗಂಡಸ್ರೇ ಎಲ್ಲಾ ತೊಟ್ಕಂಡು ಕುಂತವ್ರೇನೋ.”

ಹೆಂಗಸರು ನಕ್ಕರು. ಮೊದಲ ಸರದಿ ನನ್ನದು. ಪಕ್ಕದ ಮನೆಯ ಕಾಳಮ್ಮ, “ಲೇ ಸಾಕಿ, ಕೈ ಸಡ್ಲ ಬುಡೇ. ಮುದ್ದೆ ಇಡ್ಕಂಡಂಗೆ ಇಡ್ಕಂಡಿದ್ದೀಯ” ಎಂದಳು. ಬಲಗೈಗೆ ಆರು ಕೆಂಪು ಬಳೆ ಆದವು. ಎಡಗೈಗೆ ಎರಡು ಏರಿಸಿ, ಮೂರನೆಯದನ್ನು ಬೆರಳಿಗೆ ಸಿಕ್ಕಿಸಿದ ಬೂಬಮ್ಮ ತಲೆ ಎತ್ತಿದಳು. ಗಾಳಿಗೆ ತೋರಣ ಸದ್ದು ಮಾಡಿತ್ತು.

“ಆಹಾ, ಪುಟ್ಟತಾಯವ್ವನ ಕೈದು. ಏಳ್ದಿದ್ರೂ ಗೊತ್ತಾಯ್ತದೆ” ಎಂದಳು. ಆಮೇಲೆ ಕಣ್ಣು ಸಣ್ಣ ಮಾಡಿದಳು. “ಅರೆ, ಆ ನಡುಮದ್ಯದ್ದು ಚಿನ್ನದ್ ಗೆರೆದಲ್ವಾ? ನಾನು ಮದ್ವೇಲಿ ತೊಡ್ಸಿದ್ದೇ ಅದು! ಈ ಮದ್ದೂರಲ್ಲಿ ಇನ್ಯಾರ್ ಕೈಗೂ ಅದನ್ನ…”

ತನ್ನ ಸರಕು ಗುರುತು ಸಿಕ್ಕ ಖುಷಿಯಲ್ಲಿ ಆಡಿದ ಮಾತು. ಅರ್ಧಕ್ಕೆ ಅವಳಿಗೇ ತಿಳಿದು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಕಾಳಮ್ಮ ಕೆನ್ನೆಗೆ ಕೈ ಇಟ್ಟಿದ್ದಳು.

“ಮದ್ವೆ ಬಳೆನ ಮಳವಳ್ಳಿ ಕೆರೆತಾವ ಒಡ್ದು ಆಕ್ಲಿಲ್ವಾ? ಅದ್ನ ತಂದು ವರ್ಸದ ಅಬ್ಬಕ್ಕೆ ಬಾಗ್ಲಿಗೆ ಕಟ್ಟವ್ರಾ?”

ಅವ್ವ ಎದ್ದು ನಿಂತು ತೋರಣ ನೋಡಿದಳು. ತಿರುಗಿ ನನ್ನ ಕಡೆ ನೋಡಿದಳು, ಚೂರು ತರುವವಳು ನಾನೆಂದು ಅವಳಿಗೆ ಗೊತ್ತು.

“ಸಾಕಿ, ಇದ್ನ ಒಳಕ್ಕೆ ತಂದೋರ್ಯಾರು?”

ಆಗಲೇ ನಾನು ಹೇಳಬೇಕಾಗಿದ್ದದ್ದು.

“ನಂಗೊತ್ತಿಲ್ಲ ಕಣವ್ವ” ಎಂದೆ. ಅಷ್ಟಕ್ಕೂ ನಿಲ್ಲಿಸಲಿಲ್ಲ. “ತೋರಣ ಮಾಡಿದ್ದು ಅಕ್ಕ.”

ಸುಳ್ಳಲ್ಲ ನೋಡಿ. ಮಾಡಿದ್ದು ಅಕ್ಕನೇ. ಅಂಥ ನಿಜ ಆಡಿದವಳಿಗೆ ನರಕದಲ್ಲಿ ಬೇರೆ ಕೋಣೆ ಇರಬೇಕು.

ಅಕ್ಕ ನಡುಮನೆಯ ಬಾಗಿಲ ಹಿಂದೆ, ಬೇವಿನ ಹೂವು ಬಿಡಿಸುತ್ತಾ ಕೂತಿದ್ದಳು. ಎದ್ದು ಬಂದಳು. ನನ್ನನ್ನು ಒಂದೇ ಸಲ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಇನ್ನೇನೋ ಹೇಳುತ್ತೇನೆಂದು ಒಂದು ಗಳಿಗೆ ಕಾದ ಹಾಗಿತ್ತು. ನಾನು ಬೆರಳಿಗೆ ಸಿಕ್ಕಿದ್ದ ಬಳೆ ನೋಡುತ್ತಾ ಕೂತೆ.

“ಅವಳ್ನ ಯಾಕವ್ವ ಕೇಳೀಯ. ನಾನೇ ತಂದಿದ್ದು” ಎಂದಳು ಅಕ್ಕ.

ಅವ್ವ ತೋರಣಕ್ಕೆ ಕೈ ಹಾಕಿ ಎಳೆದಳು. ಐದು ಎಳೆಯೂ ಒಟ್ಟಿಗೆ ಬಂದವು. ಹೊಸ್ತಿಲ ಮೇಲೆ ಗಾಜು ಚೆಲ್ಲಿತು. “ನಿನ್ನ ಮನೆ ದೀಪ ಆರೋಯ್ತು, ಸರಿ. ತಂಗಿ ಬದುಕ್ಬೇಕೋ ಬ್ಯಾಡ್ವೋ? ಅಬ್ಬದ ದಿನ ಇನ್ ಮ್ಯಾಲೆ ಈ ವಸ್ಲು ತಾವ ಬರ್ಬ್ಯಾಡ ನೀನು. ತೋರಣ ಮುಟ್ಬ್ಯಾಡ, ರಂಗೋಲೆ ಮುಟ್ಬ್ಯಾಡ.” ಹೇಳುತ್ತಾ ಅವಳೇ ಅತ್ತಳು. ಚೂರನ್ನೆಲ್ಲ ಗುಡಿಸಿ ಶಿಂಷೆ ಹೊಳೆಗೆ ಹಾಕಿ ಬಂದವರು ಅಪ್ಪ. ಬೂಬಮ್ಮ, “ನನ್ ನಾಲ್ಗೆ ಸೇದೋಗ” ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು, ಬಳೆಯ ಮಲಾರ ಕಟ್ಟಿಕೊಂಡು ಹೋದಳು. ನಾನು ಆ ಯುಗಾದಿಯನ್ನು ಒಂದು ಕೈಗೆ ಆರು, ಒಂದು ಕೈಗೆ ಎರಡು ಬಳೆಯಲ್ಲಿ ಕಳೆದೆ. ಉಳಿದ ನಾಲ್ಕನ್ನು ತೊಡಿಸಿ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ, ತೊಡಿಸೋಣ ಎಂದು ಯಾರಿಗೂ ನೆನಪಾಗಲಿಲ್ಲ.

ಬೆಳ್ಳೂರಿನ ಮರದ ಕೊಕ್ಕರೆಗೆ ಕಲ್ಲು ಬೀರಬಾರದೆಂದ ಅವ್ವನೇ ಹೀಗೆ ಮಾಡಿದಳು ಎಂದು ನಾನು ಎಷ್ಟೋ ಸಲ ಅವಳನ್ನು ಮನಸ್ಸಿನಲ್ಲಿ ಬೈದಿದ್ದೇನೆ. ಆಮೇಲೆ ಅವ್ವನ ಕೈಗೆ ಆ ಕಲ್ಲು ಕೊಟ್ಟವರಾರು ಎಂದು ನೆನಪಾಗಿ ಸುಮ್ಮನಾಗುತ್ತೇನೆ.

ಇನ್ನು ನಂತರದ್ದು. ಬಳೆ ತೋರಣ ಮತ್ತೆ ಕಟ್ಟಲಿಲ್ಲ, ಡಬ್ಬ ಅಟ್ಟ ಸೇರಿತು. ಬಾಗಿಲು ಬರಿದಾಗಿರಬಾರದಲ್ಲ, ಸಿಂಗಾರದ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೈ ಎಂಥದೆಂದು ಹೇಳಿದ್ದೇನೆ. ಮಾರನೆಯ ವರ್ಷ ನಾನು ಬೆಂಡು ಹಿಡಿದು ಅಳುತ್ತಾ ಕೂತಿದ್ದಾಗ ಅಕ್ಕ ಹಿತ್ತಿಲ ಕೋಣೆಯಿಂದ ಕೈ ಚಾಚಿ, “ಕೊಡಿಲ್ಲಿ” ಎಂದು ತೆಗೆದುಕೊಂಡಳು. “ಕೊಕ್ಕು ಉದ್ದ ಇರ್ಬೇಕು ಕಣೆ. ಇಲ್ದಿದ್ರೆ ಬಾತುಕೋಳಿ ಆಯ್ತದೆ.” ಅಂದಿನಿಂದ ಕೊಕ್ಕರೆ ಮಾಡುವವಳು ಅವಳು, ಒಳಗೆ, ಅವ್ವನಿಗೆ ಕಾಣದ ಹಾಗೆ. ಕಟ್ಟುವವಳು ನಾನು, ಹೊರಗೆ. ಬೀದಿಯವರು ಹೊಗಳಿದ್ದು ನನ್ನನ್ನು. ಅವ್ವ, “ನಮ್ ಸಾಕಿ ಕೈ ಅವ್ಳ ಅಕ್ಕನ್ ಕೈಯಂಗೇ ಆಗದೆ” ಎಂದು ಹೇಳಿಕೊಳ್ಳುತ್ತಿದ್ದಳು. ಒಳಗೆ ಒಲೆ ಊದುತ್ತಿದ್ದ ಅಕ್ಕನಿಗೆ ಅದು ಕೇಳಿಸುತ್ತಿತ್ತು. ಅವಳು ಇನ್ನೂ ಜೋರಾಗಿ ಊದುತ್ತಿದ್ದಳು.

ಐದು ವರ್ಷ. ದಿನಕ್ಕೆ ಹತ್ತು ಸಲ ಅವಳ ಪಕ್ಕ ಕೂರುತ್ತಿದ್ದೆ. ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ತಲೆ ಬಾಚಿಸಿಕೊಳ್ಳುವಾಗ, ಅವಳ ಮುಖ ಕಾಣದ ಕಾರಣ, ಮಾತು ಎಷ್ಟೋ ಸಲ ಗಂಟಲಿನವರೆಗೆ ಬಂದಿದೆ. ಆಗ ಅವಳು ಜಡೆ ಬಿಗಿಯುತ್ತಿದ್ದಳು, ನಾನು ಅಯ್ಯೋ ಅನ್ನುತ್ತಿದ್ದೆ, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಯುದ್ಧ ಮುಗಿದ ಮೇಲಿನ ಯುಗಾದಿಗೆ ದುದ್ದ ಎಂಬ ಊರಿನಿಂದ ನನ್ನನ್ನು ಹೆಣ್ಣು ನೋಡಲು ಬಂದರು. ಮುಂದೆ ನನ್ನ ಅತ್ತೆಯಾದವರು ಬಾಗಿಲಲ್ಲೇ ನಿಂತು ಕೊಕ್ಕರೆ ನೋಡಿದರು. “ಯಾರ್ ಮಾಡಿದ್ದು?” ಎಂದರು. “ಇವ್ಳೇ” ಎಂದಳು ಅವ್ವ, ಪಾಪ, ನಂಬಿಯೇ ಹೇಳಿದಳು. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದುಕೊಂಡರು. ಇಂಥ ಕೈಯಿದ್ದ ಹುಡುಗಿ ಬೇಕೆಂದು ಒಪ್ಪಿಕೊಂಡು ಹೋದರು. ಮದುವೆಯಾಯಿತು. ಬಳೆ ತೊಡಿಸುವ ಶಾಸ್ತ್ರದ ದಿನ ಅಕ್ಕ ಹಿತ್ತಿಲಿನಲ್ಲಿ ಸೊಪ್ಪು ಸೋಸುತ್ತಿದ್ದಳು.

ಮುಂದಿನ ಯುಗಾದಿಗೆ ನಾನು ದುದ್ದದಲ್ಲಿದ್ದೆ. ಅತ್ತೆ ಒಂದು ಕಂತೆ ಬೆಂಡು ತಂದು ನನ್ನ ಮುಂದೆ ಹಾಕಿ, “ನಮ್ ಬಾಗ್ಲಿಗೂ ಕೊಕ್ಕರೆ ಕಟ್ಟವ್ವ” ಎಂದರು. ಎರಡು ದಿನ ಕೆತ್ತಿದೆ. ಅತ್ತೆ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಇದು ಕೊಕ್ಕರೆನೋ, ಕಾವಿಗೆ ಕುಂತಿರೋ ಕೋಳಿನೋ?”

ನಮ್ಮ ಯಜಮಾನರು ಬಾಗಿಲಿನಿಂದ, “ಬುಡವ್ವ, ನಾಳಿದ್ದು ಹೊಸತೊಡಕು. ಕೋಳಿನೇ ಬೇಕಲ್ಲ” ಎಂದರು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಬಾಡೂಟ. ಎಲ್ಲರೂ ನಕ್ಕರು. ನಾನೂ ನಗಲು ಹೋಗಿ ಅತ್ತುಬಿಟ್ಟೆ.

“ಮದ್ದೂರಲ್ಲಿ ನೀವು ನೋಡಿದ್ದು ನಂದಲ್ಲ ಕಣತ್ತೆ. ಮಾಡಿದ್ದು ಅಕ್ಕ.”

ಅದೇ ಮಾತು. ಆರನೆಯ ವರ್ಷಕ್ಕೆ ಬಾಯಿಂದ ಬಂದಾಗ ಮಾತ್ರ ಅದು ಪೂರ್ತಿ ನಿಜವಾಗಿತ್ತು. ಅತ್ತೆ ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಕೋಳಿಯನ್ನು ನೆಲಕ್ಕಿಟ್ಟು, “ಅಲ್ಲ, ಅಂಥಾ ಕೈಯಿರೋ ಮಗಳ್ನ ಆವತ್ತು ನಾವು ಬಂದಾಗ ಒಂದ್ಸಲನೂ ಮುಂದಕ್ಕೆ ಕರೀಲಿಲ್ವಲ್ಲ, ಯಾಕೆ?” ಎಂದರು.

ಅದಕ್ಕೆ ಉತ್ತರ ನನ್ನೊಬ್ಬಳ ಹತ್ತಿರ ಇತ್ತು. ಅದನ್ನು ದುದ್ದದಲ್ಲಿ ಹೇಳಿ ಪ್ರಯೋಜನವಿರಲಿಲ್ಲ.

ಹೊಸತೊಡಕು ಕಳೆದ ಮಾರನೆಯ ದಿನ ಯಜಮಾನರ ಜೊತೆ ಮದ್ದೂರಿಗೆ ಬಂದೆ. ಹಬ್ಬ ಕಳೆದಿದ್ದರೂ, ಮದುವೆಯಾದ ಮೇಲೆ ಮೊದಲ ಸಲ ಬಂದ ಮಗಳಿಗೆ ಬಳೆ ತೊಡಿಸುವ ದಿನ ನಮ್ಮ ಮನೆಗೆ ಹಬ್ಬವೇ. ಅವ್ವ ಆಗಲೇ ಬೂಬಮ್ಮನಿಗೆ ಹೇಳಿ ಕಳಿಸಿದ್ದಳು. ಜಗಲಿಯ ಮೇಲೆ ಚಾಪೆ, ಸುತ್ತ ಅದೇ ಹೆಂಗಸರು, ಕಾಳಮ್ಮನ ಹಲ್ಲು ಮಾತ್ರ ಎರಡು ಕಡಿಮೆಯಾಗಿದ್ದವು. ಬೂಬಮ್ಮ, “ಅಸುರು ಬಂದದೆ ಕಣವ್ವಾ, ಯುದ್ದ ಮುಗೀತಲ್ಲ!” ಎಂದು ನನ್ನ ಕೈ ಹಿಡಿದಳು. ಅವಳ ಬೆರಳು ತಾಗಿದ ಕೂಡಲೇ ನನಗೆ ಕೂರಲಾಗಲಿಲ್ಲ. “ನೀರು ಕುಡ್ಕಂಡು ಬತ್ತೀನಿ” ಎಂದು ಎದ್ದು ಹಿತ್ತಿಲಿಗೆ ಹೋದೆ.

ಅಕ್ಕ ಒರಳಿನ ಮುಂದೆ ಕೂತು ಖಾರ ರುಬ್ಬುತ್ತಿದ್ದಳು. “ಯಾಕೆ ಎದ್ ಬಂದೆ? ಓಗು, ಬಳೆ ತೊಟ್ಕೊ” ಎಂದಳು.

ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. “ಅಕ್ಕ, ಆವತ್ತು ಡಬ್ಬಕ್ಕೆ ಆ ಚೂರು ಆಕಿದ್ದು…”

“ನೀನು” ಎಂದಳು. ಗುಂಡುಕಲ್ಲು ನಿಲ್ಲಿಸಲೂ ಇಲ್ಲ. “ಗೊತ್ತು ಕಣೆ. ಇನ್ಯಾರು ತತ್ತಾರೆ?”

“ಬಾಗ್ಲಿಗೆ ಕಟ್ಟೋವಾಗ ಗೊತ್ತಾಯ್ತಾ?”

“ಮೊದಲ್ನೇ ಕೊಂಡೀಲೇ ಗೊತ್ತಾಯ್ತು. ನನ್ ಕೈಲಿದ್ದ ಬಳೆ ನಂಗೆ ಗುರ್ತು ಸಿಕ್ಕಲ್ವಾ?”

“ಗೊತ್ತಿದ್ದೂ ಯಾಕಕ್ಕ ಸೇರಿಸ್ದೆ?”

ಆಗ ಅವಳು ಕೈ ನಿಲ್ಲಿಸಿದಳು. ಖಾರದ ಕೈ, ಮುಖ ಒರೆಸಿಕೊಳ್ಳುವ ಹಾಗಿರಲಿಲ್ಲ. ತೋಳಿನಿಂದ ಹಣೆ ಒರೆಸಿಕೊಂಡಳು.

“ಅವು ಕೆಸರಲ್ಲಿ ಬಿದ್ದವೆ, ಯಾರ್ಯಾರೋ ತುಳೀತಾವ್ರೆ ಅಂತ ದಿನಾ ನೆನುಸ್ಕತಿದ್ದೆ ಕಣೆ. ಡಬ್ಬ ಸುರ್ದಾಗ ತಳದಲ್ಲಿ ಕಂಡ್ವು, ತೊಳ್ದು ಇಟ್ಟಂಗೆ. ನಮ್ ಸಾಕಿ ಎತ್ಕಂಡ್ ಬಂದವ್ಳೆ ಅಂದ್ಕಂಡೆ. ಎಷ್ಟ್ ನೆಮ್ಮದಿ ಆಯ್ತು ಗೊತ್ತಾ? ಒಂದ್ ಅಬ್ಬ ಬಾಗ್ಲಲ್ಲಿ ಇರ್ಲಿ, ಆಮೇಲೆ ನಾನೇ ತಗ್ದು ನೀರಿಗೆ ಬುಡ್ತೀನಿ ಅಂತಿದ್ದೆ. ನಿಂಗೆ ಒಂದ್ ಮಾತು ಏಳ್ಬೇಕು ಅಂತಲೂ ಇದ್ದೆ, ಒಳ್ಳೇದ್ ಮಾಡ್ದೆ ಅಂತ. ಏಳಾಕೆ ಆಗ್ಲಿಲ್ಲ.”

“ಮತ್ತೆ ಇಷ್ಟ್ ವರ್ಸ ನನ್ ಮ್ಯಾಲೆ ಕೋಪ ಇಲ್ವಾ?”

“ತಂದಿದ್ದಕ್ಕೆ ಯಾಕೆ ಕೋಪ?” ಒರಳಿನ ಅಂಚಿನ ಖಾರವನ್ನು ಒಳಕ್ಕೆ ತಳ್ಳಿದಳು. “ನೀನಾಗೇ ಒಂದಿನ ಬಂದು ಏಳ್ತೀಯ ಅಂತ ಕಾಯ್ತಿದ್ದೆ. ಜಡೆ ಆಕೋವಾಗೆಲ್ಲ ಅಂದ್ಕತಿದ್ದೆ, ಈಗ ಏಳ್ತಾಳೆ, ಈಗ ಏಳ್ತಾಳೆ ಅಂತ. ಅಷ್ಟೇ.”

ಗುಂಡುಕಲ್ಲು ಮತ್ತೆ ತಿರುಗಿತು.

ನಾನು ಅವಳ ಖಾರದ ಕೈ ಹಿಡಿದು ಎಬ್ಬಿಸಿದೆ. “ಏ, ಬುಡೇ, ಹೊಸ ಸೀರೆ ನಿಂದು” ಎಂದಳು. ನಡುಮನೆ ದಾಟಿಸಿದೆ. ಮುಂಬಾಗಿಲ ಹತ್ತಿರ ಬರುತ್ತಲೇ ಅವಳ ಕಾಲು ತಾನಾಗಿ ನಿಂತಿತು. “ಬ್ಯಾಡ ಕಣೆ ಸಾಕಿ, ಅವ್ವ ಬಯ್ತಾಳೆ” ಎಂದು ಪಿಸುಗುಟ್ಟಿದಳು. ಉರಿಯುವ ಕುಡಿಗೆ ಬೆರಳೊಡ್ಡಿ ಗಾಜು ಬಗ್ಗಿಸುತ್ತಿದ್ದವಳು, ಮನೆಯ ಹೊಸ್ತಿಲು ನೋಡಿ ಹಿಂದಕ್ಕೆ ಜಗ್ಗಿದಳು. ಕೈ ಬಿಡದೆ ಎಳೆದೆ. ಬೂಬಮ್ಮನ ಕೈಯಲ್ಲಿದ್ದ ಹಸಿರು ಬಳೆ ಅಲ್ಲೇ ಉಳಿಯಿತು. ಅವ್ವ, “ಏನೇ ಇದು?” ಎಂದು ಅರ್ಧ ಎದ್ದಳು.

ಒಳಗೆ ಹೋದದ್ದು ನೀರು ಕುಡಿಯಲೆಂದು, ಅದನ್ನೇ ಕುಡಿದಿರಲಿಲ್ಲ. ಆದರೂ ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.

“ಅವ್ವಾ, ಎಲ್ರೂ ಕೇಳ್ರಿ. ಆ ಅಸುರು ಬಳೆ ಚೂರ ಮಳವಳ್ಳಿ ಕೆರೆಯಿಂದ ತಂದೋಳು ನಾನು. ಅಕ್ಕ ಅಲ್ಲ, ನಾನು. ನೀನು ಕೇಳ್ದಾಗ ಎದ್ರುಕಂಡು ಅಕ್ಕನ ಮ್ಯಾಲೆ ಆಕ್ದೆ. ಅಕ್ಕಾ, ಇಷ್ಟ್ ವರ್ಸ ಬಾಯಿ ಮುಚ್ಕಂಡು ನಿನ್ನ ಇತ್ಲಲ್ಲಿ ಕೂರಿಸ್ದೆ. ತಪ್ಪಾಯ್ತು ಕಣಕ್ಕ. ನಂದು ತಪ್ಪಾಯ್ತು.”